ಘಟಸರ್ಪ ಸತ್ತ ಮೇಲೆ ಉಳಿಯುವ ಐದು ಅಧ್ಯಾಯಗಳು

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಆಂಗ್ಲಭಾಷೆಯ ಪ್ರಾಧ್ಯಾಪಕರಾಗಿದ್ದ ಜೆ. ಆರ್. ಆರ್. ಟೋಲ್ಕಿನ್ನರು, ಸಂಸಾರದ ಖರ್ಚಿಗೆ ಸಂಬಳ ಸಾಲದೆ, ಬೇಸಗೆಯ ದಿನಗಳಲ್ಲಿ ಶಾಲಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವ ನೀರಸವಾದ ಕಾರ್ಯವನ್ನು ವಹಿಸಿಕೊಳ್ಳುತ್ತಿದ್ದರು. ಹಾಗೆ ತಿದ್ದುತ್ತಿರುವಾಗ ಒಮ್ಮೆ, ಪರೀಕ್ಷಾರ್ಥಿಯೊಬ್ಬನು ಏನನ್ನೂ ಬರೆಯದೆ ಬಿಟ್ಟಿದ್ದ ಹಾಳೆಯೊಂದು ಎದುರಾಗಲು, ನೆಲದೊಳಗಣ ಮನೆಯಲ್ಲಿ ವಾಸಿಸುವ ‘ಹಾಬಿಟ್’ ಎಂಬ ಜೀವಿಯನ್ನು ಕುರಿತ ವಾಕ್ಯವೊಂದನ್ನು ಅದರ ಮೇಲೆ ಗೀಚಿದರು. ಹಾಬಿಟ್ ಎಂದರೇನೆಂಬುದು ಆಗ ಅವರಿಗೇ ತಿಳಿದಿರಲಿಲ್ಲ. ಆ ಒಂದು ವಾಕ್ಯವೇ ಬೆಳೆದು ‘ದಿ ಹಾಬಿಟ್’ ಎಂಬ ಕಾದಂಬರಿಯಾಗಿ 1937ರ ಸೆಪ್ಟೆಂಬರ್ 21ರಂದು ಲಂಡನ್ನಿನಲ್ಲಿ ಪ್ರಕಟವಾಯಿತು. ಪ್ರಕಾಶಕರಾದ ಸ್ಟ್ಯಾನ್ಲಿ ಅನ್ವಿನ್ನರು ಹಸ್ತಪ್ರತಿಯನ್ನು ವಿದ್ವಾಂಸರಿಗೆ ತೋರಿಸುವುದಕ್ಕೆ ಬದಲಾಗಿ ಹತ್ತು ವರ್ಷದ ತಮ್ಮ ಮಗ ರೇನರನ ಕೈಗೆ ಕೊಟ್ಟು, ಅಭಿಪ್ರಾಯ ಬರೆದುಕೊಟ್ಟದ್ದಕ್ಕಾಗಿ ಒಂದು ಷಿಲಿಂಗ್ ಸಂಭಾವನೆಯನ್ನಿತ್ತರು. ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ಇದು ರುಚಿಸುವುದೆಂದು ಆ ಹುಡುಗ ತೀರ್ಪಿತ್ತನು. ಮೊದಲ ಮುದ್ರಣದ 1500 ಪ್ರತಿಗಳು ಆ ವರ್ಷ ಮುಗಿಯುವುದರೊಳಗೆ ತೀರಿಹೋದುವು.

ಉತ್ತರಪತ್ರಿಕೆಯ ಮೇಲೆ ಹುಟ್ಟಿದ ಈ ಕಥೆ ಈಗ ತಾನೇ ಪರೀಕ್ಷೆಯ ವಸ್ತುವಾಗಿರುವುದು ಒಂದು ವಿನೋದವೇ ಸರಿ. ಇಂಗ್ಲೆಂಡ್, ಅಮೆರಿಕ ಮೊದಲಾದ ದೇಶಗಳ ಶಾಲೆಗಳಲ್ಲಿ ಹನ್ನೊಂದು, ಹನ್ನೆರಡು ವರ್ಷದ ಆಸುಪಾಸಿನ ಮಕ್ಕಳಿಗೆ ಇದನ್ನು ಅಧ್ಯಾಯ ಅಧ್ಯಾಯವಾಗಿ ಪಾಠ ಹೇಳುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಅಲ್ಲಿ ನೆಲಸಿರುವ ಕನ್ನಡಿಗರ ಮನೆಗಳಿಗೂ ಮಕ್ಕಳ ಚೀಲದೊಳಗಿಂದ ಈ ಪುಸ್ತಕ ಬಂದು ಸೇರುವುದುಂಟು. ಪ್ರತಿ ಅಧ್ಯಾಯಕ್ಕೂ ಒಂದು ಪ್ರಶ್ನಾಪತ್ರ: ಕೆಲವು ಕಠಿನ ಪದಗಳಿಗೆ ಅರ್ಥ ಬರೆಯಬೇಕು, ಯಾರು ಯಾರಿಗೆ ಏನು ಹೇಳಿದರೆಂದು ತಿಳಿಸಬೇಕು, ಮುಂದೇನಾಗಬಹುದೆಂದು ಊಹಿಸಬೇಕು, ಪುಸ್ತಕದಲ್ಲಿರುವ ಭೂಪಟದ ಮೇಲೆ ಪಯಣದ ಹಾದಿಯನ್ನು ಗುರುತಿಸುತ್ತ ಹೋಗಬೇಕು. ಕಥೆಯನ್ನು ಹೀಗೆ ಬಿಡಿಸಿ ಬಿಡಿಸಿ ಕೇಳುವುದು ಕುಮಾರವ್ಯಾಸ ಭಾರತವನ್ನು ಗಮಕಿಗಳಿಂದ ಸಂಧಿ ಸಂಧಿಯಾಗಿ ಕೇಳಿದ ನಮಗೆ ಅಪರಿಚಿತವೇನಲ್ಲ. ಆದರೆ ಗಮಕಿಯು ನಡುವೆ ನಿಲ್ಲಿಸಿ, ಭೀಮನ ಗದೆಯ ತೂಕವೆಷ್ಟೆಂದು ಕೇಳಿ ಅಂಕ ಹಾಕುತ್ತಿರಲಿಲ್ಲ.

ಪದ್ಧತಿಯನ್ನು ನಾನು ಹಳಿಯುತ್ತಿಲ್ಲ. ಹತ್ತೊಂಬತ್ತು ಅಧ್ಯಾಯಗಳ ಈ ಕೃತಿಯ ಕಟ್ಟಡವೇ ಅಂತಹದು. ಪ್ರತಿ ಅಧ್ಯಾಯಕ್ಕೂ ತನ್ನದೇ ಆದ ಗಂಡಾಂತರವೊಂದು, ತನ್ನದೇ ಆದ ಬಿಡುಗಡೆಯೊಂದು ಉಂಟು. ನಾಯಕನಾದ ಬಿಲ್ಬೊ ಬ್ಯಾಗಿನ್ಸ್ ಐವತ್ತರ ಆಸುಪಾಸಿನ, ಹೊತ್ತುಹೊತ್ತಿಗೆ ಊಟ ತಿಂಡಿಯಾಗಬೇಕೆನ್ನುವ, ಮನೆಬಿಟ್ಟು ಹೊರಡದ ಸದ್ಗೃಹಸ್ಥ. ಗ್ಯಾಂಡಾಲ್ಫ್ ಎಂಬ ಮಾಂತ್ರಿಕನ ಕಿತಾಪತಿಯಿಂದ ಹದಿಮೂರು ಮಂದಿ ಕುಬ್ಜರು ಆತನ ಮನೆಗೆ ಬಂದು, ಇದ್ದಬದ್ದ ತಿಂಡಿಯನ್ನೆಲ್ಲ ತಿಂದು, ದೂರದ ಪರ್ವತದಲ್ಲಿ ಸ್ಮಾಗ್ ಎಂಬ ಘಟಸರ್ಪವು ಅಪಹರಿಸಿಕೊಂಡಿರುವ ತಮ್ಮ ಪೂರ್ವಿಕರ ನಿಧಿಯನ್ನು ಮರಳಿ ತರಲು ಆತನನ್ನು ಕಳ್ಳನ ಕೆಲಸಕ್ಕೆ ನೇಮಿಸಿಕೊಳ್ಳುತ್ತಾರೆ. ಲಾಭದಲ್ಲಿ ಹದಿನಾಲ್ಕನೆಯ ಒಂದು ಪಾಲು ಎಂದು ಕರಾರುಪತ್ರವೂ ಆಗುತ್ತದೆ. ಬಿಲ್ಬೊ ಹೊರಡುವ ಗಡಿಬಿಡಿಯಲ್ಲಿ ಕರವಸ್ತ್ರವನ್ನು ಮರೆತು ಓಡುತ್ತಾನೆ. ಇದು ಎರಡನೆಯ ಅಧ್ಯಾಯದ ಮಾತು. ಹತ್ತೊಂಬತ್ತನೆಯ ಅಧ್ಯಾಯದಲ್ಲಿ, ಹಿಂದಿರುಗುವ ದಾರಿಯಲ್ಲಿ, ಆತನು ಮುಖ ಒರಸಿಕೊಳ್ಳುವ ಕೆಂಪು ರೇಷ್ಮೆಯ ಕರವಸ್ತ್ರ ಆತಿಥೇಯನಾದ ಎಲ್ರಾಂಡನಿಂದ ಎರವಲಾಗಿ ತಂದದ್ದು. ತನ್ನದೆಂಬುದು ಒಂದೂ ಉಳಿದಿಲ್ಲ. ಒಂದೇ ಉಸಿರಿನಲ್ಲಿ ಓದಿ ಮುಗಿಸುವವನ ಕಣ್ಣಿಗೆ ಇಂತಹ ಸೂಕ್ಷ್ಮಗಳು ಬೀಳುವುದು ಕಷ್ಟ. ವಾರವಾರವೂ ನಿಂತು ನಿಂತು ಓದುವ ಬಾಲಕನಿಗೆ ಅವು ದಕ್ಕುತ್ತವೆ.

ಶಾಲೆಗಳಲ್ಲಿ ಅತ್ಯಂತ ಆದರದಿಂದ ಓದಿಸುವುದು ಐದನೆಯ ಅಧ್ಯಾಯವನ್ನು. ಬೆಟ್ಟದ ಕೆಳಗಣ ಕತ್ತಲೆಯಲ್ಲಿ ದಾರಿತಪ್ಪಿದ ಬಿಲ್ಬೊ, ನೆಲ ತಡವುವಾಗ ಕೈಗೆ ಸಿಕ್ಕ ಉಂಗುರವೊಂದನ್ನು ಜೇಬಿಗಿಳಿಸಿ, ತಣ್ಣನೆಯ ಕೊಳದ ದಡದಲ್ಲಿ ಗಾಲಮ್ ಎಂಬ ವಿಕಾರಜೀವಿಯೊಡನೆ ಪ್ರಾಣವನ್ನೇ ಪಣವಾಗಿಟ್ಟು ಒಗಟಿನ ಸ್ಪರ್ಧೆಗೆ ಕೂಡುತ್ತಾನೆ. ಸೋತರೆ ಗಾಲಮನಿಗೆ ಆಹಾರ, ಗೆದ್ದರೆ ಹೊರದಾರಿ. ಇದು ಲೇಖಕರು ತಮ್ಮ ವಿದ್ವತ್ತಿನ ಉಗ್ರಾಣದಿಂದ ತೆಗೆದ ಸಾಮಗ್ರಿ. ಎಕ್ಸೆಟರ್ ಗ್ರಂಥವೆಂಬ ಪ್ರಾಚೀನ ಹಸ್ತಪ್ರತಿಯಲ್ಲಿ ತೊಂಬತ್ತಕ್ಕೂ ಮಿಗಿಲಾದ ಒಗಟುಗಳಿವೆ. ಹಳೆಯ ನಾರ್ಸ್ ಕಾವ್ಯದಲ್ಲಿ ಓಡಿನ್ ದೇವನು ದೈತ್ಯನೊಬ್ಬನೊಡನೆ ಜ್ಞಾನಸ್ಪರ್ಧೆ ನಡೆಸಿ, ಕಡೆಗೆ ತಾನೊಬ್ಬನೇ ಬಲ್ಲ ಸಂಗತಿಯನ್ನು ಕೇಳಿ ಗೆಲ್ಲುತ್ತಾನೆ. ಬಿಲ್ಬೊ ಕೂಡ ಕೊನೆಯಲ್ಲಿ, ತನ್ನ ಜೇಬಿನಲ್ಲೇನಿದೆಯೆಂದು ಕೇಳಿಯೇ ಗೆಲ್ಲುವುದು. ಅದು ನ್ಯಾಯವಾದ ಒಗಟೇ ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ಎತ್ತಿದರೆ ಮಕ್ಕಳು ತಾವಾಗಿಯೇ ಎರಡು ಪಕ್ಷವಾಗಿ ವಾದಿಸುವರು.

ಆದರೆ ಅಧ್ಯಾಯದ ತಿರುಳು ಸ್ಪರ್ಧೆಯಲ್ಲಿಲ್ಲ. ಉಂಗುರ ಧರಿಸಿ ಅದೃಶ್ಯನಾದ ಬಿಲ್ಬೊ, ಕೈಯಲ್ಲಿ ಕತ್ತಿಯಿದ್ದೂ, ದಾರಿಗಡ್ಡವಾಗಿ ಕುಳಿತ ಗಾಲಮನನ್ನು ಕೊಲ್ಲದೆ, ಆ ಜೀವಿಯ ಬೆಳಕಿಲ್ಲದ ಬಾಳನ್ನು ಕ್ಷಣಮಾತ್ರ ಮನಸ್ಸಿನಲ್ಲಿ ಕಂಡು, ಕನಿಕರದಿಂದ ಅದರ ತಲೆಯ ಮೇಲಿಂದ ಹಾರಿಹೋಗುತ್ತಾನೆ. ಈ ಕನಿಕರ ಮೊದಲ ಮುದ್ರಣದಲ್ಲಿರಲಿಲ್ಲವೆಂದರೆ ಅನೇಕರಿಗೆ ಆಶ್ಚರ್ಯವಾದೀತು. ಅಲ್ಲಿ ಗಾಲಮ್ ತಕ್ಕಮಟ್ಟಿಗೆ ಸಭ್ಯ. ಗೆದ್ದವನಿಗೆ ಉಂಗುರವನ್ನೇ ಉಡುಗೊರೆಯಾಗಿ ಕೊಡಹೊರಟು, ಅದು ಕಾಣದಿರಲು ಕ್ಷಮೆ ಬೇಡಿ ದಾರಿ ತೋರುತ್ತದೆ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬ ಮಹಾಕೃತಿಯಲ್ಲಿ ಆ ಉಂಗುರವೇ ಕೇಡಿನ ಕೇಂದ್ರವಾಗಿ ಬೆಳೆದಾಗ, ಅದಕ್ಕೆ ಹೊಂದುವಂತೆ ಈ ಅಧ್ಯಾಯವನ್ನು ತಿದ್ದಿ ಬರೆಯಬೇಕಾಯಿತು. ತಿದ್ದಿದ ಆವೃತ್ತಿ 1951ರಲ್ಲಿ ಹೊರಬಂದಿತು. ಮುದ್ರಿತ ಪುಸ್ತಕವೂ ಅಚಲವಲ್ಲ, ಲೇಖಕನೂ ತನ್ನ ಬರೆಹವನ್ನು ತಿದ್ದಿಕೊಳ್ಳುವನೆಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ವಿರಳ.

ಮುಂದಿನ ಅಧ್ಯಾಯಗಳು ವೇಗವಾಗಿ ಸಾಗುತ್ತವೆ. ಹದ್ದುಗಳು, ಕರಡಿಯಾಗಬಲ್ಲ ಬಿಯೋರ್ನ್, ಜೇಡಗಳ ಕಾಡು, ಪೀಪಾಯಿಗಳಲ್ಲಿ ಅಡಗಿ ಹೊಳೆಯಲ್ಲಿ ತೇಲಿದ ಪಲಾಯನ. ಹನ್ನೆರಡನೆಯದರಲ್ಲಿ ಬಿಲ್ಬೊ ಸುರಂಗವನ್ನಿಳಿದು ಘಟಸರ್ಪದ ಗುಹೆಯಿಂದ ಬಟ್ಟಲೊಂದನ್ನು ಕದಿಯುವುದು, ಅದರಿಂದ ಕೆರಳಿದ ಸರ್ಪವು ಸುತ್ತಣ ಸೀಮೆಯನ್ನು ಸುಡಹೊರಡುವುದು, ಟೋಲ್ಕಿನ್ನರು ಜೀವಮಾನವಿಡೀ ಬೋಧಿಸಿದ ‘ಬಿಯೊವುಲ್ಫ್’ ಕಾವ್ಯದ ನೆನಪು. ಸರ್ಪವನ್ನು ಕಾಣುವುದಕ್ಕೆ ಮುನ್ನ, ಅದರ ಗೊರಕೆಯನ್ನು ಕೇಳಿ ಸುರಂಗದಲ್ಲಿ ಒಂದು ಗಳಿಗೆ ನಿಂತು ಮತ್ತೆ ಮುಂದಡಿಯಿಟ್ಟದ್ದೇ ಬಿಲ್ಬೊವಿನ ಪರಮಸಾಹಸವೆಂದು ಕಥಕನೇ ಹೇಳುತ್ತಾನೆ. ಅಲ್ಲಿ ನೋಡುವವರು ಯಾರೂ ಇರಲಿಲ್ಲ.

ಇಲ್ಲಿಂದ ಮುಂದಕ್ಕೆ ಶಾಲೆಯ ಪದ್ಧತಿ ಎಡವುವುದನ್ನು ಕಾಣುತ್ತೇನೆ. ಜೋಸೆಫ್ ಕ್ಯಾಂಬೆಲ್ಲರು 1949ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಲೋಕದ ವೀರಗಾಥೆಗಳನ್ನೆಲ್ಲ ಹದಿನೇಳು ಘಟ್ಟಗಳ ಒಂದು ಚಕ್ರಕ್ಕೆ ಅಳವಡಿಸಿದ್ದರು. ಆ ಚಕ್ರದ ಚಿತ್ರವೊಂದನ್ನು ಕೊಟ್ಟು, ಅದರ ಮನೆಗಳಲ್ಲಿ ಬಿಲ್ಬೊವಿನ ಕಥೆಯನ್ನು ತುಂಬಿರೆಂದು ಹೇಳುವುದು ಉಪಾಧ್ಯಾಯರಿಗೆ ಸುಲಭವಾದ ಅಭ್ಯಾಸ. ಆದರೆ ಘಟಸರ್ಪವನ್ನು ಕೊಲ್ಲುವವನು ಕಥಾನಾಯಕನಲ್ಲ. ಹದಿನಾಲ್ಕನೆಯ ಅಧ್ಯಾಯದಲ್ಲಿ ಆಗತಾನೆ ರಂಗಕ್ಕೆ ಬಂದ ಬಾರ್ಡ್ ಎಂಬ ಬಿಲ್ಲುಗಾರ. ಬಿಲ್ಬೊ ಆಗ ಬೆಟ್ಟದ ಒಳಗಿದ್ದಾನೆ, ಅವನಿಗೆ ಸುದ್ದಿಯೂ ತಿಳಿಯದು. ಸರ್ಪ ಸತ್ತಿತು, ನಿಧಿ ದೊರೆಯಿತು, ಚಕ್ರ ತುಂಬಿತು. ಆದರೂ ಇನ್ನೂ ಐದು ಅಧ್ಯಾಯಗಳು ಉಳಿದಿವೆ. ಪರೀಕ್ಷೆ ಸಮೀಪಿಸಿರುವ ತರಗತಿಯಲ್ಲಿ ಅವುಗಳನ್ನು ಒಂದೆರಡು ದಿನಗಳಲ್ಲಿ ಮುಗಿಸಿ ಕೈತೊಳೆದುಕೊಳ್ಳುವ ಆಸೆ ಸಹಜವಾದದ್ದೇ.

ಕಾದಂಬರಿ ನಿಜವಾಗಿ ಇರುವುದು ಅಲ್ಲಿ. ಸರ್ಪ ಹೋದರೂ ಸರ್ಪದ ಲೋಭ ಹೋಗದೆ, ಕುಬ್ಜರ ನಾಯಕನಾದ ಥೋರಿನ್ನನ ಮೈಮೇಲೆ ಬರುತ್ತದೆ. ಸರ್ಪದ ಬೆಂಕಿಯಿಂದ ಊರನ್ನೇ ಕಳೆದುಕೊಂಡ ಸರೋವರದ ಜನರಿಗೆ ಒಂದು ಪಾಲನ್ನೂ ಕೊಡೆನೆಂದು ಆತನು ಕೋಟೆಯ ಬಾಗಿಲಿಗೆ ಕಲ್ಲು ಒಟ್ಟಿಸಿ ಕೂಡುತ್ತಾನೆ. ಆಗ ಬಿಲ್ಬೊ ಮಾಡುವ ಕೆಲಸ ಯಾವ ವೀರಗಾಥೆಯ ಚಕ್ರದಲ್ಲಿಯೂ ಕೂಡುವಂತಹದಲ್ಲ. ಥೋರಿನ್ನನು ಎಲ್ಲಕ್ಕಿಂತ ಮಿಗಿಲೆಂದು ಹುಡುಕುತ್ತಿರುವ ಆರ್ಕನ್‌ಸ್ಟೋನ್ ಎಂಬ ಮಹಾರತ್ನವನ್ನು, ಕರಾರಿನಂತೆ ತನ್ನ ಹದಿನಾಲ್ಕನೆಯ ಪಾಲು ಅದೇ ಎಂದು ಬಗೆದು ಮೊದಲೇ ಅಡಗಿಸಿಟ್ಟುಕೊಂಡಿದ್ದವನು, ಹದಿನಾರನೆಯ ಅಧ್ಯಾಯದ ರಾತ್ರಿಯಲ್ಲಿ, ಕಾವಲಿದ್ದ ಕುಬ್ಜ ಬಾಂಬರನನ್ನು ತಾನು ಕಾಯುವೆನೆಂದು ಹೇಳಿ ಮಲಗಲು ಕಳುಹಿಸಿ, ಗೋಡೆಯಿಂದ ಹಗ್ಗ ಬಿಟ್ಟು ಇಳಿದು, ಆ ರತ್ನವನ್ನು ಶತ್ರುಪಾಳೆಯದವರಿಗೆ ಒಪ್ಪಿಸುತ್ತಾನೆ, ಅವರು ಅದನ್ನು ಮುಂದಿಟ್ಟು ಸಂಧಿ ಮಾಡಿಕೊಳ್ಳಲೆಂದು. ಇಲ್ಲಿಯೇ ಉಳಿದುಬಿಡು, ನಿನಗೆ ಅಪಾಯವಿಲ್ಲವೆಂದು ಅವರು ಹೇಳಿದರೂ ಉಳಿಯುವುದಿಲ್ಲ. ನಡುರಾತ್ರಿಗೆ ಬಾಂಬರನನ್ನು ಎಬ್ಬಿಸುವೆನೆಂದು ಮಾತು ಕೊಟ್ಟಿದ್ದಾನೆ. ಹಿಂದಿರುಗಿ ಬಂದು ಎಬ್ಬಿಸುತ್ತಾನೆ. ಸ್ನೇಹಿತರ ದೃಷ್ಟಿಯಲ್ಲಿ ದ್ರೋಹವಾಗಬಹುದಾದದ್ದನ್ನು ಸ್ನೇಹಿತರ ಹಿತಕ್ಕಾಗಿಯೇ ಮಾಡಿ, ಅದರ ಫಲವನ್ನುಣ್ಣಲು ಅವರ ನಡುವೆಯೇ ಬಂದು ನಿಲ್ಲುವ ಈ ಗೃಹಸ್ಥನ ಧರ್ಮಸೂಕ್ಷ್ಮ, ಹನ್ನೆರಡು ವರ್ಷದ ಮಕ್ಕಳಿಗೆ ನಿಲುಕದೆಂದು ಹೇಳುವವರನ್ನು ನಾನು ಒಪ್ಪಲಾರೆ. ಯಾರು ಮಾಡಿದ್ದು ಸರಿಯೆಂಬ ಜಗಳ ಅವರ ಆಟದ ಬಯಲಿನಲ್ಲಿ ದಿನವೂ ನಡೆಯುತ್ತದೆ.

ಅನಂತರ ನಡೆಯುವ ಐದು ಸೇನೆಗಳ ಯುದ್ಧದಲ್ಲಿ ನಾಯಕನು ತಲೆಗೆ ಕಲ್ಲೇಟು ಬಿದ್ದು ಎಚ್ಚರತಪ್ಪುತ್ತಾನೆ. ವಿಜಯದ ಕಥೆಯನ್ನು ಬೇರೆಯವರ ಬಾಯಿಂದ ಕೇಳುತ್ತಾನೆ. ಸಾಯುತ್ತಿರುವ ಥೋರಿನ್ನನು, ಹಿಂದೆ ಬಿಲ್ಬೊವನ್ನು ಗೋಡೆಯಿಂದ ಕೆಳಗೆಸೆಯಲು ಹೊರಟಿದ್ದವನು, ಈಗ ಅವನಿಂದ ಸೌಹಾರ್ದದಿಂದಲೇ ಬೀಳ್ಕೊಳ್ಳಲು ಬಯಸುತ್ತಾನೆ. ಟೋಲ್ಕಿನ್ನರಿಗೆ ಮುಂದೆ ಈ ಪುಸ್ತಕದ, ಮಕ್ಕಳನ್ನು ರಮಿಸುವ ಧ್ವನಿ ಅಸಮಾಧಾನವುಂಟುಮಾಡಲು, ಅವರು 1960ರಲ್ಲಿ ಎಲ್ಲವನ್ನೂ ಹೊಸದಾಗಿ ಬರೆಯತೊಡಗಿ, ಕೆಲವೇ ಅಧ್ಯಾಯಗಳಿಗೆ ಕೈಬಿಟ್ಟರು. ಬಿಟ್ಟದ್ದು ಒಳ್ಳೆಯದೇ ಆಯಿತು. ಕಡೆಯ ಭಾಗದಲ್ಲಿ ಆ ಧ್ವನಿ ತಾನಾಗಿಯೇ ಗಂಭೀರವಾಗಿದೆ.

ಆದುದರಿಂದ ಈ ಕೃತಿಯನ್ನು ಪಾಠ ಹೇಳುವ ಉಪಾಧ್ಯಾಯರಲ್ಲಿಯೂ, ಮನೆಯಲ್ಲಿ ಜೊತೆಗೂಡಿ ಓದುವ ತಂದೆತಾಯಂದಿರಲ್ಲಿಯೂ ನನ್ನದೊಂದು ಬಿನ್ನಹ: ಕುಬ್ಜರ ಮುಸುಕುಗಳ ಬಣ್ಣವನ್ನು ಕಂಠಪಾಠ ಮಾಡಿಸುವ ಹೊತ್ತನ್ನು ಮೊದಲ ಅಧ್ಯಾಯದಿಂದ ಕಡಿತ ಮಾಡಿ, ಹದಿನಾರನೆಯ ಅಧ್ಯಾಯಕ್ಕೆ ಒಂದು ವಾರ ಪೂರ್ತಿ ಕೊಡಿ, ಆ ವಾರ ಪ್ರಶ್ನಾಪತ್ರವನ್ನು ಬದಿಗಿಟ್ಟು, ಬಿಲ್ಬೊ ಏಕೆ ಹಿಂದಿರುಗಿ ಬಂದನೆಂಬ ಒಂದೇ ಪ್ರಶ್ನೆಯನ್ನು ಕೇಳಿ.