ಘಟ್ಟವೇರಿದ ಮಕ್ಕಳು ಯಾವ ಇಗರ್ಜಿಯವರು?

ಪದವಿ ಪರೀಕ್ಷೆಯ ಫಲಿತಾಂಶ ಬಂದೊಡನೆ ಭಟ್ಕಳ, ಹೊನ್ನಾವರ, ಕುಮಟಾ ಭಾಗದ ನಮ್ಮ ಕಥೋಲಿಕ ಮನೆಗಳಲ್ಲಿ ಸಂತೋಷದ ಹಿಂದೆಯೇ ಚಿಂತೆಯೊಂದು ಕಾಲಿಡುತ್ತದೆ. ಮಗನೋ ಮಗಳೋ ಇನ್ನೂ ಓದುವುದಾದರೆ ಧಾರವಾಡಕ್ಕೆ ಕಳುಹಿಸಬೇಕೆ? ಶುಲ್ಕ, ಕೋಣೆಯ ಬಾಡಿಗೆ, ಊಟದ ಖರ್ಚನ್ನು ಸಾಲ ಮಾಡಿಯಾದರೂ ಹೊಂದಿಸಬಹುದು. "ಅಲ್ಲಿ ನಮ್ಮವರೆಂಬವರು ಯಾರಿದ್ದಾರೆ?" ಎಂಬ ತಾಯಿಯ ಪ್ರಶ್ನೆಗೆ ಮಾತ್ರ ಸುಲಭದ ಉತ್ತರವಿಲ್ಲ. ಹೆಣ್ಣುಮಕ್ಕಳ ಓದಂತೂ ಈ ಒಂದು ಪ್ರಶ್ನೆಯ ಮುಂದೆಯೇ ನಿಂತುಹೋಗುವುದುಂಟು.

ನಮ್ಮ ಮಕ್ಕಳ ದಾರಿ ಧಾರವಾಡದತ್ತ ತಿರುಗಿದ್ದಕ್ಕೆ ಇತಿಹಾಸದ ಕಾರಣವಿದೆ. 1862ರಲ್ಲಿ ಉತ್ತರ ಕನ್ನಡವು ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಒಂದೇ ಕೊಂಕಣಿ ಮಾತು, ಒಂದೇ ವಿಶ್ವಾಸವಿದ್ದರೂ ಮಂಗಳೂರಿನವರೂ ನಾವೂ ಬೇರೆ ಬೇರೆ ಆಡಳಿತಕ್ಕೆ ಒಳಪಟ್ಟೆವು. ಅವರಿಗೆ 1880ರಲ್ಲಿಯೇ ಯೇಸು ಸಭೆಯ ಗುರುಗಳ ಸಂತ ಅಲೋಶಿಯಸ್ ಕಾಲೇಜು ಮನೆಯ ಬಳಿಯೇ ದೊರೆಯಿತು. ನಮಗಾದರೋ ಓದೆಂದರೆ ಘಟ್ಟದ ಮೇಲಿನ ದಾರಿ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. 1949ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಗೊಂಡ ಕರ್ನಾಟಕ ವಿಶ್ವವಿದ್ಯಾಲಯವು ಮರುವರ್ಷ ಧಾರವಾಡಕ್ಕೆ ಬಂದಿತು. 1954ರಿಂದ 1967ರವರೆಗೆ ಕುಲಪತಿಗಳಾಗಿದ್ದ ಡಾ. ಡಿ. ಸಿ. ಪಾವಟೆಯವರು ಅದನ್ನು ಕಟ್ಟಿ ಬೆಳೆಸಿದರು. ಇಂದು ಪದವಿಯವರೆಗಿನ ಓದಿಗೆ ನಮ್ಮ ಮೂರೂ ಪಟ್ಟಣಗಳಲ್ಲಿ ಕಾಲೇಜುಗಳಿವೆ. ಕಾರವಾರದಲ್ಲಿ ಇದೇ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವೂ ಇದೆ. ಆದರೂ ಹಲವು ವಿಷಯಗಳಿಗೆ ಧಾರವಾಡದ ಹಾದಿಯೇ ಹಾದಿ.

ಆ ಹಾದಿ ಸಣ್ಣದಲ್ಲ. ಬಸ್ಸು ಕುಮಟಾ ಬಿಟ್ಟು, ದೇವಿಮನೆ ಘಟ್ಟವೇರಿ, ಶಿರಸಿ, ಮುಂಡಗೋಡ ದಾಟಿ ಹುಬ್ಬಳ್ಳಿ ಸೇರುವಷ್ಟರಲ್ಲಿ ಸಮುದ್ರದ ಗಾಳಿ ಎಂದೋ ಹಿಂದೆ ಉಳಿದಿರುತ್ತದೆ. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಕಾಳಿನ ಪಲ್ಯ. ಅನ್ನ ಮೀನುಸಾರಿಗೆ ಒಗ್ಗಿದ ನಾಲಗೆ ಮೊದಲ ವಾರ ಮುನಿಯುತ್ತದೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಪುಸ್ತಕದ ಕನ್ನಡ ಕಲಿತ ಹುಡುಗಿಗೆ ಅಲ್ಲಿಯ "ಹೌದ್ರೀ", "ಬರ್ರೀ"ಗಳು ಹೊಸ ಭಾಷೆಯಂತೆ ಕೇಳುತ್ತವೆ. ಆದರೆ ಆ ಊರು ಕೊಡುವುದೂ ದೊಡ್ಡದು. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದ ಸಭೆಗಳು, ಬೇಂದ್ರೆಯವರು ಬಾಳಿದ ಸಾಧನಕೇರಿ, ವಿಶ್ವವಿದ್ಯಾಲಯದ ಗ್ರಂಥಾಲಯ ಇವೆಲ್ಲವೂ ಪಠ್ಯದ ಆಚೆಯ ಪಾಠಗಳು. ನಮ್ಮ ಕುಮಟಾ ತಾಲೂಕಿನ ಗೋಕರ್ಣದ ಜಯಂತ ಕಾಯ್ಕಿಣಿಯವರು ಜೀವರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದುದು ಇದೇ ವಿಶ್ವವಿದ್ಯಾಲಯದಿಂದ. ಇಂಥ ಊರನ್ನು ಭಯದಿಂದ ದೂರವಿಡುವುದು ಮಕ್ಕಳಿಗೆ ನಷ್ಟವೇ ಸರಿ.

ಹಾಗಾದರೆ ತಾಯಿಯ ಪ್ರಶ್ನೆಗೆ ಉತ್ತರವೇನು? ಇಲ್ಲಿ ನಮ್ಮ ಧರ್ಮಸಭೆಯ ಗಡಿಯೊಂದು ಅಡ್ಡ ಬರುತ್ತದೆ. 1953ರಲ್ಲಿ ರಚಿತವಾದ ಬೆಳಗಾವಿ ಧರ್ಮಪ್ರಾಂತ್ಯದಲ್ಲಿ ನಾವೂ ಧಾರವಾಡದವರೂ ಒಟ್ಟಿಗಿದ್ದೆವು. 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ ಬೇರೆಯಾಯಿತು. ಅದರಿಂದ ನಮಗೆ ಒಳಿತೇ ಆಗಿದೆ. ಆದರೆ ಘಟ್ಟವೇರುವ ವಿದ್ಯಾರ್ಥಿ ಒಂದು ಧರ್ಮಪ್ರಾಂತ್ಯವನ್ನು ದಾಟಿ ಇನ್ನೊಂದಕ್ಕೆ ಹೋಗುತ್ತಾನೆ. ಊರಿನ ಇಗರ್ಜಿ "ಅವನು ಧಾರವಾಡದಲ್ಲಿದ್ದಾನೆ" ಎನ್ನುತ್ತದೆ. ಧಾರವಾಡದ ಇಗರ್ಜಿಗೆ ಅವನು ಹಿಂದಿನ ಬೆಂಚಿನಲ್ಲಿ ಕುಳಿತು ಹೋಗುವ ಅಪರಿಚಿತ. ಕೆಲವು ಭಾನುವಾರಗಳ ಬಳಿಕ ಆ ಬೆಂಚೂ ಬರಿದಾಗಬಹುದು. ಮದುವೆಯ ಕಾಗದಪತ್ರಕ್ಕಾಗಿ ಬಂದಾಗಲಷ್ಟೇ ಅವನ ನೆನಪು!

ಧರ್ಮಸಭೆಯ ಕಾನೂನು ಮಾತ್ರ ಇವನನ್ನು ಮರೆತಿಲ್ಲ. 1983ರ ಸಂಹಿತೆಯ ಪ್ರಕಾರ ಒಂದು ಧರ್ಮಕೇಂದ್ರದಲ್ಲಿ ಮೂರು ತಿಂಗಳು ತಂಗಿದವನು, ಅಥವಾ ತಂಗುವ ಉದ್ದೇಶದಿಂದ ಬಂದವನು, ಅಲ್ಲಿಯವನೂ ಆಗುತ್ತಾನೆ. ಅಲ್ಲಿಯ ಧರ್ಮಗುರುಗಳು ಅವನ ಗುರುಗಳೂ ಹೌದು. ಊರಿನ ಹಕ್ಕು ಹಾಗೆಯೇ ಉಳಿಯುತ್ತದೆ. ಅಂದರೆ ನಮ್ಮ ಮಕ್ಕಳು ಎರಡೂ ಇಗರ್ಜಿಗಳಿಗೆ ಸೇರಿದವರು. ದ್ವಿತೀಯ ವ್ಯಾಟಿಕನ್ ಮಹಾಸಭೆಯೂ 1965ರ ಶಿಕ್ಷಣ ಘೋಷಣೆಯಲ್ಲಿ, ಕಥೋಲಿಕವಲ್ಲದ ವಿಶ್ವವಿದ್ಯಾಲಯಗಳಲ್ಲಿ ಓದುವವರಿಗೆ ಗುರುಗಳು, ಧಾರ್ಮಿಕರು, ಶ್ರೀಸಾಮಾನ್ಯರು ಕೂಡಿ ಆಧ್ಯಾತ್ಮಿಕ ಹಾಗೂ ಬೌದ್ಧಿಕ ನೆರವು ನೀಡಬೇಕೆಂದು ತಿಳಿಸಿದೆ.

ಇದಕ್ಕೆ ಹಣಕ್ಕಿಂತ ಮನಸ್ಸು ಮುಖ್ಯ. ಮಗು ಹೊರಡುವ ಮುನ್ನ ಊರಿನ ಧರ್ಮಗುರುಗಳು ಅಲ್ಲಿಯ ಗುರುಗಳಿಗೆ ಒಂದು ಪರಿಚಯ ಪತ್ರ ಬರೆದುಕೊಡಲಿ. ತಂದೆತಾಯಿಗಳು ಕೋಣೆ ನೋಡಲು ಹೋದ ದಿನವೇ ಇಗರ್ಜಿಗೂ ಹೋಗಿ ಬರಲಿ. ಅಲ್ಲಿ ನೆಲೆಸಿರುವ ನಮ್ಮ ಕರಾವಳಿಯ ಕುಟುಂಬಗಳು ತಿಂಗಳಿಗೊಂದು ಭಾನುವಾರ ಒಬ್ಬ ವಿದ್ಯಾರ್ಥಿಯನ್ನಾದರೂ ಊಟಕ್ಕೆ ಕರೆಯಲಿ. ವಿದ್ಯಾರ್ಥಿಗಳೂ ಬಲಿಪೂಜೆ ಮುಗಿದೊಡನೆ ಹೊರಟುಹೋಗದೆ, ಗುರುಗಳ ಮುಂದೆ ನಿಂತು ತಮ್ಮ ಹೆಸರು, ಊರು ಹೇಳಲಿ. ಜ್ವರ ಬಂದ ರಾತ್ರಿ, ಪರೀಕ್ಷೆಯಲ್ಲಿ ಸೋತ ದಿನ ಕರೆಯಲು ಒಂದು ಬಾಗಿಲು ತಿಳಿದಿದ್ದರೆ ಓದು ನಡುವೆ ಬಿಟ್ಟು ಪೆಟ್ಟಿಗೆ ಹಿಡಿದು ಮರಳುವ ಪ್ರಸಂಗ ಎಷ್ಟೋ ತಪ್ಪೀತು.

1680ರ ದಶಕದಲ್ಲಿ ಸಂತ ಜೋಸೆಫ್ ವಾಜ್ ಅವರು ಕೆನರಾದಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಹುಡುಕಿಕೊಂಡು ಊರೂರು ಅಲೆದರು. ಇಂದು ಚದುರಿರುವವರು ನಮ್ಮ ಮಕ್ಕಳು. ಅವರನ್ನು ಹುಡುಕಬೇಕಾದವರು ನಾವು. ಮುಂದಿನ ಬಾರಿ ಒಬ್ಬ ತಾಯಿ "ಅಲ್ಲಿ ಯಾರಿದ್ದಾರೆ?" ಎಂದು ಕೇಳಿದಾಗ ಒಂದು ಹೆಸರು, ಒಂದು ವಿಳಾಸ ನಮ್ಮ ಬಾಯಲ್ಲಿರಲಿ.