ಮರಳಿ ಬೆಳಕು ಕಂಡ ಸುರುಳಿಗಳು

ಬಳಕೆ ತಪ್ಪಿದ ಯಂತ್ರವನ್ನು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಇರಿಸಬಹುದು. ಅದರ ಉದ್ದಗಲಗಳನ್ನೂ ತೂಕವನ್ನೂ ಫಲಕದ ಮೇಲೆ ಬರೆಯಬಹುದು. ಆದರೆ ಆ ಯಂತ್ರದ ಮುಂದೆ ಕುಳಿತವರು ಮೊದಲು ಏನು ಮಾಡುತ್ತಿದ್ದರು, ಎಷ್ಟು ಹೊತ್ತು ಕಾಯುತ್ತಿದ್ದರು, ಯಾವ ಸದ್ದಿಗೆ ಕಿವಿಗೊಡುತ್ತಿದ್ದರು ಎಂಬುದನ್ನು ಯಾವ ಪೆಟ್ಟಿಗೆಯಲ್ಲಿ ಇರಿಸುವುದು? ಯಂತ್ರ ಉಳಿದರೂ ಅದನ್ನು ನಡೆಸುವ ಕೈಗಳ ವಿದ್ಯೆ ಅಳಿದುಹೋಗುತ್ತದೆ. ಅಂಥ ವಿದ್ಯೆಯನ್ನು ಹಿಡಿದಿಟ್ಟುಕೊಂಡ ಭಂಡಾರವೊಂದು ಬಹುಕಾಲ ಯಾರ ಗಮನಕ್ಕೂ ಬಾರದೆ ಉಗ್ರಾಣಗಳ ಕತ್ತಲೆಯಲ್ಲಿ ಬಿದ್ದಿತ್ತು. ದೂರವಾಣಿ ಮತ್ತು ಗಣಕಯಂತ್ರಗಳ ಬಾಲ್ಯಕಾಲದಲ್ಲಿ ತಯಾರಾದ ಕಿರುಚಿತ್ರಗಳೇ ಆ ಭಂಡಾರ.

1927ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಫ್ರೆಸ್ನೊ ನಗರಕ್ಕೆ ಡಯಲ್ ದೂರವಾಣಿ ಬರುವುದಿತ್ತು. ಅದುವರೆಗೆ ರಿಸೀವರನ್ನು ಎತ್ತಿದೊಡನೆ ವಿನಿಮಯ ಕೇಂದ್ರದಲ್ಲಿ ಕುಳಿತ ಯುವತಿಯೊಬ್ಬಳ ಧ್ವನಿ ಕೇಳಿಸುತ್ತಿತ್ತು. ಬೇಕಾದ ಸಂಖ್ಯೆಯನ್ನು ಆಕೆಗೆ ಹೇಳಿದರೆ ಸಾಕಾಗಿತ್ತು. ತಂತಿಗಳನ್ನು ಜೋಡಿಸುವ ಕೆಲಸ ಆಕೆಯದು. ಇನ್ನು ಮುಂದೆ ಜನರು ತಮ್ಮ ಬೆರಳಿನಿಂದಲೇ ಆ ಕೆಲಸವನ್ನು ಮಾಡಿಸಬೇಕಾಗಿತ್ತು. ಹೊಸ ಪದ್ಧತಿಯನ್ನು ಕಲಿಸಲು ದೂರವಾಣಿ ಸಂಸ್ಥೆಯು ಒಂದು ಕಿರುಚಿತ್ರವನ್ನು ತಯಾರಿಸಿ ಆ ನಗರದ ಚಿತ್ರಮಂದಿರಗಳಲ್ಲಿ ತೋರಿಸಿತು. ಅದು ಮೂಕಿ ಚಿತ್ರ. ರಿಸೀವರಿನಲ್ಲಿ ಕೇಳಿಸುವ ಗುಂಯ್ ಎಂಬ ಸದ್ದಿಗಾಗಿ ಕಾಯಬೇಕೆಂಬುದನ್ನು ಸದ್ದೇ ಇಲ್ಲದ ಚಿತ್ರವು ಕಲಿಸಿತೆಂಬುದು ಒಂದು ಸ್ವಾರಸ್ಯ!

ಡಯಲನ್ನು ತಿರುಗಿಸುವುದರಲ್ಲಿ ಕಲಿಯಬೇಕಾದುದೇನಿತ್ತು ಎಂದು ಇಂದಿನವರಿಗೆ ಅನ್ನಿಸಬಹುದು. ಸಂಖ್ಯೆಯ ರಂಧ್ರದಲ್ಲಿ ಬೆರಳಿಟ್ಟು, ತಡೆಯ ಕೊಂಡಿಯವರೆಗೆ ಬಿಲ್ಲೆಯನ್ನು ತಿರುಗಿಸಿ ಬಿಟ್ಟುಬಿಡಬೇಕು. ಒಳಗಿನ ಸುರುಳಿಕಂಬಿಯ ಬಲದಿಂದ ಬಿಲ್ಲೆ ತಾನಾಗಿಯೇ ಹಿಂದಿರುಗುತ್ತದೆ. ಹೀಗೆ ಹಿಂದಿರುಗುವಾಗ ತಂತಿಯಲ್ಲಿ ಹರಿಯುವ ವಿದ್ಯುತ್ತು ಮೂರಕ್ಕೆ ಮೂರು ಸಲ, ಏಳಕ್ಕೆ ಏಳು ಸಲ, ಸೊನ್ನೆಗೆ ಹತ್ತು ಸಲ ಕಡಿದು ಮತ್ತೆ ಕೂಡುತ್ತದೆ. ವಿನಿಮಯ ಕೇಂದ್ರದ ಸಾಧನಗಳು ಈ ಕಡಿತಗಳನ್ನು ಎಣಿಸಿ ದಾರಿಯನ್ನು ಆಯ್ದುಕೊಳ್ಳುತ್ತವೆ. ಆತುರದಿಂದ ಬೆರಳಿನಲ್ಲೇ ಬಿಲ್ಲೆಯನ್ನು ಹಿಂದಕ್ಕೆ ನೂಕಿದರೆ ಎಣಿಕೆ ತಪ್ಪಿ ಕರೆ ಮತ್ತಾರದೋ ಮನೆಗೆ ಹೋಗಬಹುದು. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಿಂದ ಇಂಥ ಡಯಲ್ ದೂರವಾಣಿಗಳು ಭಾರತದ ಮನೆಗಳನ್ನೂ ಕಚೇರಿಗಳನ್ನೂ ಸೇರಿದವು. ಹಿರಿಯರ ಬೆರಳಿಗೆ ಅಭ್ಯಾಸವಾಗಿದ್ದ ಆ ಚಲನೆ ಇಂದಿನ ಮಕ್ಕಳಿಗೆ ಒಗಟಿನಂತಿದೆ. ಒಂದು ಕಾಲಕ್ಕೆ ಹೊಸದನ್ನು ಕಲಿಸಲೆಂದು ತಯಾರಾದ ಚಿತ್ರವೇ ಈಗ ಹಳೆಯದನ್ನು ತಿಳಿಸಿಕೊಡುತ್ತಿದೆ.

ದೂರವಾಣಿಗೂ ಗಣಕಯಂತ್ರಕ್ಕೂ ಹತ್ತಿರದ ನಂಟುಂಟು. ಅಮೆರಿಕದ ಬೆಲ್ ಪ್ರಯೋಗಾಲಯದ ಗಣಿತಜ್ಞ ಜಾರ್ಜ್ ಸ್ಟಿಬಿಟ್ಸ್ 1937ರಲ್ಲಿ ತನ್ನ ಮನೆಯ ಅಡಿಗೆಮನೆಯ ಮೇಜಿನ ಮೇಲೆ ದೂರವಾಣಿಯ ರಿಲೇಗಳು, ಪುಟ್ಟ ದೀಪಗಳು ಮತ್ತು ತಗಡಿನ ಚೂರುಗಳನ್ನು ಜೋಡಿಸಿ ಅಂಕಿಗಳನ್ನು ಕೂಡುವ ಸಾಧನವೊಂದನ್ನು ರಚಿಸಿದನು. ವಿದ್ಯುತ್ತಿನಿಂದ ಮುಚ್ಚಿ ತೆರೆಯುವ ಕೊಂಡಿಯೇ ರಿಲೇ. ಕರೆಗಳಿಗೆ ದಾರಿ ತೋರುವ ಈ ಕೊಂಡಿಗಳು ಲೆಕ್ಕವನ್ನೂ ಮಾಡಬಲ್ಲವು ಎಂಬುದು ಆಗ ಸ್ಪಷ್ಟವಾಯಿತು. 1940ರ ಸೆಪ್ಟೆಂಬರಿನಲ್ಲಿ ಆತನು ಡಾರ್ಟ್‌ಮತ್ ಕಾಲೇಜಿನಿಂದ ತಂತಿಯ ಮೂಲಕ ನ್ಯೂಯಾರ್ಕಿನಲ್ಲಿದ್ದ ತನ್ನ ದೊಡ್ಡ ಗಣಕಕ್ಕೆ ಲೆಕ್ಕಗಳನ್ನು ಕಳುಹಿಸಿ ಉತ್ತರಗಳನ್ನು ತರಿಸಿಕೊಟ್ಟನು. ಅದೇ ಬೆಲ್ ಪ್ರಯೋಗಾಲಯವು 1968ರಲ್ಲಿ ಹೊರತಂದ 'ದಿ ಇನ್‌ಕ್ರೆಡಿಬಲ್ ಮಷೀನ್' ಎಂಬ ಕಿರುಚಿತ್ರದಲ್ಲಿ ಗಣಕವು ಚಿತ್ರ ಬಿಡಿಸುವುದನ್ನೂ ಸಂಗೀತ ಹೊರಡಿಸುವುದನ್ನೂ ಕಾಣಬಹುದು.

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಒಂದು ಚಿತ್ರವು ಇವೆಲ್ಲಕ್ಕಿಂತ ಹೆಚ್ಚಿನ ಬೆಲೆಯುಳ್ಳದ್ದು. ಅಲ್ಲಿ ಮಾರಿಸ್ ವಿಲ್ಕ್ಸ್ ಮತ್ತು ಆತನ ಸಂಗಡಿಗರು ರಚಿಸಿದ 'ಎಡ್‌ಸ್ಯಾಕ್' ಗಣಕವು 1949ರ ಮೇ 6ರಂದು ತನ್ನ ಮೊದಲ ಲೆಕ್ಕವನ್ನು ಮಾಡಿ ವರ್ಗಸಂಖ್ಯೆಗಳ ಪಟ್ಟಿಯನ್ನು ಮುದ್ರಿಸಿತು. ಅದರಲ್ಲಿ ಸುಮಾರು 3,000 ನಿರ್ವಾತ ಕೊಳವೆಗಳಿದ್ದವು. ಪಾದರಸ ತುಂಬಿದ ಉದ್ದನೆಯ ನಳಿಗೆಗಳಲ್ಲಿ ಓಡಾಡುವ ಶಬ್ದದ ಅಲೆಗಳೇ ಅದರ ಸ್ಮರಣಶಕ್ತಿ. ಪ್ರಾರಂಭದ ಆಜ್ಞೆಗಳನ್ನು ಹಿಡಿದಿಟ್ಟುಕೊಳ್ಳಲು ದೂರವಾಣಿ ಕೇಂದ್ರಗಳಲ್ಲಿ ಬಳಸುವ ಸ್ವಿಚ್ಚುಗಳನ್ನೇ ಜೋಡಿಸಲಾಗಿತ್ತು.

ಈ ಗಣಕವನ್ನು ಬಳಸುವ ಬಗೆಯನ್ನು ತೋರಿಸುವ ಕಿರುಚಿತ್ರವು 1951ರಲ್ಲಿ ತಯಾರಾಯಿತು. ಲೆಕ್ಕವನ್ನು ಆಜ್ಞೆಗಳ ಸಾಲಾಗಿ ಬರೆಯುವುದು, ಆ ಆಜ್ಞೆಗಳನ್ನು ಕಾಗದದ ಪಟ್ಟಿಯಲ್ಲಿ ರಂಧ್ರಗಳಾಗಿ ಕೊರೆಯುವುದು, ಎಲ್ಲರಿಗೂ ಪದೇ ಪದೇ ಬೇಕಾಗುವ ಆಜ್ಞಾಸರಣಿಗಳನ್ನು ಸಂಗ್ರಹದಿಂದ ತೆಗೆದು ಹೊಸ ಪಟ್ಟಿಗೆ ನಕಲು ಮಾಡುವುದು—ಹೀಗೆ ಒಂದೊಂದು ಹಂತವೂ ಅದರಲ್ಲಿ ಮೂಡಿದೆ. ಸಿದ್ಧವಾದ ಪಟ್ಟಿಗಳು ಒಣಹಾಕಿದ ಬಟ್ಟೆಗಳಂತೆ ಸಾಲಾಗಿ ತೂಗುತ್ತ ತಮ್ಮ ಸರದಿಗಾಗಿ ಕಾಯುತ್ತಿದ್ದವು. ಕೊನೆಯಲ್ಲಿ ದೂರಮುದ್ರಕವು ಉತ್ತರವನ್ನು ಅಚ್ಚುಮಾಡುತ್ತಿತ್ತು.

1958ರಲ್ಲಿ ಎಡ್‌ಸ್ಯಾಕ್ ತನ್ನ ಕೆಲಸವನ್ನು ನಿಲ್ಲಿಸಿತು, ಅದನ್ನು ಬಿಚ್ಚಿಹಾಕಲಾಯಿತು. ಮುಂದೊಂದು ದಿನ ಅದು ಬೇಕಾದೀತೆಂಬ ಯೋಚನೆ ಆಗ ಯಾರಿಗೂ ಬಂದಂತಿಲ್ಲ. ಆದರೆ ಚಿತ್ರ ಉಳಿಯಿತು. 1976ರಲ್ಲಿ ವಿಲ್ಕ್ಸ್ ಅದಕ್ಕೆ ತನ್ನ ಧ್ವನಿಯಲ್ಲೇ ವಿವರಣೆಯನ್ನು ಸೇರಿಸಿದನು. 2011ರಲ್ಲಿ ಎಡ್‌ಸ್ಯಾಕನ್ನು ಮತ್ತೆ ಕಟ್ಟುವ ಯೋಜನೆ ಪ್ರಕಟವಾಯಿತು; ಬ್ಲೆಚ್ಲಿ ಪಾರ್ಕಿನ ರಾಷ್ಟ್ರೀಯ ಗಣಕ ವಸ್ತುಸಂಗ್ರಹಾಲಯದಲ್ಲಿ ಆ ಕೆಲಸ ಕೈಗೂಡತೊಡಗಿತು. ಮೂಲ ನಕ್ಷೆಗಳೆಲ್ಲ ನಾಶವಾದವೆಂದೇ ಎಲ್ಲರೂ ತಿಳಿದಿದ್ದರು. 2014ರಲ್ಲಿ 19 ನಕ್ಷೆಗಳು ಬೆಳಕಿಗೆ ಬಂದವು. ಹಿಂದೆ ಪ್ರಯೋಗಾಲಯದಲ್ಲಿ ದುಡಿದಿದ್ದ ಒಬ್ಬರು, ಕಸಕ್ಕೆ ಹೋಗಲಿದ್ದ ಅವುಗಳನ್ನು ಎತ್ತಿ ಕಾಪಾಡಿದ್ದರು! ಯಾವ ಭಾಗ ಎಲ್ಲಿಗೆ ಸೇರಬೇಕೆಂಬುದನ್ನು ನಕ್ಷೆ ಹೇಳಬಲ್ಲದು. ಆ ಯಂತ್ರದ ಸುತ್ತ ಮನುಷ್ಯರು ಹೇಗೆ ನಡೆದಾಡುತ್ತಿದ್ದರೆಂಬುದನ್ನು ಚಿತ್ರ ಮಾತ್ರ ಹೇಳಬಲ್ಲದು.

ಆದರೂ ಚಿತ್ರವು ಹೇಳಿದ್ದೆಲ್ಲವೂ ಪೂರ್ಣಸತ್ಯವಲ್ಲ. ತಮಗೆ ತೋರಿಸಬೇಕೆನಿಸಿದುದನ್ನು ಮಾತ್ರ ತೆಗೆಸಿದವರು ತೋರಿಸುತ್ತಾರೆ. ಡಯಲ್ ಬಂದ ಮೇಲೆ ವಿನಿಮಯ ಕೇಂದ್ರದ ಯುವತಿಯರ ಉದ್ಯೋಗವೇನಾಯಿತೆಂಬುದು ಫ್ರೆಸ್ನೊ ಚಿತ್ರದ ವಿಷಯವಾಗಿರಲಿಲ್ಲ. 1946ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ, ಸುಮಾರು 18,000 ನಿರ್ವಾತ ಕೊಳವೆಗಳ 'ಎನಿಯಾಕ್' ಗಣಕವನ್ನು ಲೋಕಕ್ಕೆ ತೋರಿಸಲಾಯಿತು. ಆಗಿನ ಛಾಯಾಚಿತ್ರಗಳಲ್ಲಿ ತಂತಿಗಳನ್ನು ಜೋಡಿಸುತ್ತಿರುವ ಯುವತಿಯರಿದ್ದಾರೆ, ಅವರ ಹೆಸರುಗಳಿಲ್ಲ. 1980ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಯಾಗಿದ್ದ ಕ್ಯಾಥಿ ಕ್ಲೈಮನ್ ಎಂಬಾಕೆ "ಇವರು ಯಾರು?" ಎಂದು ವಿಚಾರಿಸಿದಾಗ, ಯಂತ್ರದ ಅಂದವನ್ನು ಹೆಚ್ಚಿಸಲು ನಿಲ್ಲಿಸಿದ ರೂಪದರ್ಶಿಯರೆಂಬ ಉತ್ತರ ಬಂತು. ಆಕೆ ಅದನ್ನು ನಂಬಲಿಲ್ಲ. ವಿಚಾರಣೆಯನ್ನು ಮುಂದುವರಿಸಿದಾಗ ನಿಜ ಹೊರಬಿತ್ತು. ಎನಿಯಾಕಿಗೆ ಲೆಕ್ಕಗಳನ್ನು ಅಳವಡಿಸಿದ ಮೊದಲ ಪರಿಣತರೇ ಆ ಮಹಿಳೆಯರು. ಅವರು ಆರು ಮಂದಿ: ಕ್ಯಾಥ್ಲೀನ್ ಮೆಕ್‌ನಲ್ಟಿ, ಬೆಟ್ಟಿ ಜೀನ್ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬಿಲಾಸ್ ಮತ್ತು ರೂತ್ ಲಿಕ್ಟರ್‌ಮನ್. ಅವರ ಕಥೆಯನ್ನು ಹೇಳುವ 'ದಿ ಕಂಪ್ಯೂಟರ್ಸ್' ಎಂಬ ಸಾಕ್ಷ್ಯಚಿತ್ರವು 2014ರಲ್ಲಿ ತೆರೆಕಂಡಿತು. ಹಳೆಯ ಚಿತ್ರವು ಕಣ್ಣೆದುರಿಗೇ ಇದ್ದರೂ ಅದನ್ನು ಪ್ರಶ್ನಿಸುವವರು ಬರುವ ತನಕ ಆ ಆರು ಮಂದಿ ಮರೆಯಲ್ಲೇ ಉಳಿದಿದ್ದರು.

ಇಂಥ ಸುರುಳಿಗಳ ಆಯುಷ್ಯವೂ ಅಲ್ಪವೆ. ಶಾಲೆಗಳಿಗೂ ಸಂಸ್ಥೆಗಳಿಗೂ ತಯಾರಾದ ಕಿರುಚಿತ್ರಗಳಲ್ಲಿ ಬಹುಪಾಲು 16 ಮಿಲಿಮೀಟರ್ ಅಗಲದವು. ಹತ್ತು ನಿಮಿಷಗಳ ಚಿತ್ರವು ಸೆಕೆಂಡಿಗೆ 24ರಂತೆ 14,400 ಬಿಡಿಚಿತ್ರಗಳಾಗಿ 360 ಅಡಿ ಉದ್ದದ ಫಿಲ್ಮಿನಲ್ಲಿ ಅಡಕವಾಗಿರುತ್ತದೆ. ಸೆಕೆಯಲ್ಲೂ ತೇವದಲ್ಲೂ ಇಟ್ಟ ಅಸಿಟೇಟ್ ಫಿಲ್ಮು ಕ್ರಮೇಣ ಕೆಟ್ಟು ವಿನೆಗರಿನಂಥ ಹುಳಿವಾಸನೆಯನ್ನು ಬೀರುತ್ತದೆ. ಆಮೇಲೆ ಕುಗ್ಗಿ ಮುರುಟಿಕೊಳ್ಳುತ್ತದೆ. ತಂಪಾದ, ಒಣಗಿದ ಕೋಣೆಯಲ್ಲಿಟ್ಟು ಒಂದೊಂದು ಬಿಡಿಚಿತ್ರವನ್ನೂ ಪ್ರತಿ ಮಾಡಿಕೊಳ್ಳುವುದೇ ಇದಕ್ಕೆ ಪರಿಹಾರ. ಉದ್ದೇಶ ತೀರಿದ ಮೇಲೆ ಎಲ್ಲರೂ ಎಸೆಯುತ್ತಿದ್ದ ಜಾಹೀರಾತು ಮತ್ತು ಬೋಧನಚಿತ್ರಗಳನ್ನು ಅಮೆರಿಕದ ರಿಕ್ ಪ್ರೆಲಿಂಜರ್ 1980ರ ದಶಕದಿಂದ ಕೂಡಿಡತೊಡಗಿದನು. ಆತನ ಸಂಗ್ರಹವು 60,000ಕ್ಕೂ ಹೆಚ್ಚು ಚಿತ್ರಗಳಿಗೆ ಬೆಳೆಯಿತು. 2002ರಲ್ಲಿ ಅದನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪಡೆದುಕೊಂಡಿತು. ಒಂದು ಕಾಲದ ಕಸವು ಮತ್ತೊಂದು ಕಾಲಕ್ಕೆ ರಾಷ್ಟ್ರದ ಸ್ವತ್ತಾಯಿತು.

ಅಪರೂಪದ ವಸ್ತುವನ್ನು ಜನರು ಜೋಪಾನ ಮಾಡುತ್ತಾರೆ. ನಿತ್ಯ ಬಳಕೆಯ ವಸ್ತುವನ್ನು ಉಪೇಕ್ಷಿಸುತ್ತಾರೆ. ಎಲ್ಲರಿಗೂ ತಿಳಿದಿರುವುದನ್ನು ಬರೆದಿಡುವ ಅಗತ್ಯ ಯಾರಿಗೂ ತೋರುವುದಿಲ್ಲ. ಆದುದರಿಂದಲೇ ಎಲ್ಲರಿಗೂ ತಿಳಿದಿದ್ದುದು ಎಲ್ಲಕ್ಕಿಂತ ಮೊದಲು ಮರೆತುಹೋಗುತ್ತದೆ. ಫ್ರೆಸ್ನೊ ನಗರದವರಿಗೆ ಡಯಲ್ ತಿರುಗಿಸುವುದನ್ನು ಕಲಿಸಿದವರು ಒಂದು ಶತಮಾನದ ಆಚೆಗಿನ ಮಕ್ಕಳಿಗೂ ಅದನ್ನೇ ಕಲಿಸುತ್ತಿದ್ದೇವೆಂದು ಎಣಿಸಿರಲಿಲ್ಲ. ಯಾರೋ ಎಸೆಯದೆ ಉಳಿಸಿದ ಒಂದು ಸುರುಳಿಯಿಂದ ಅದು ಸಾಧ್ಯವಾಯಿತು.