ಶಾಲೆಗಳಲ್ಲಿ ಭೂವಿಜ್ಞಾನ ಬೋಧನೆ

ಶಾಲೆಗಳಲ್ಲಿ ಭೂವಿಜ್ಞಾನ ಬೋಧನೆ ಎಂದರೆ ಮಣ್ಣು, ಶಿಲೆ, ಖನಿಜ, ಅಂತರ್ಜಲ ಮತ್ತು ಭೂಮಿಯ ಇತಿಹಾಸವನ್ನು ಮಕ್ಕಳ ವಯಸ್ಸಿಗೆ ತಕ್ಕಂತೆ ಕಲಿಸುವುದು. ಕರ್ನಾಟಕದಲ್ಲಿ ಹತ್ತನೆಯ ತರಗತಿಯವರೆಗೆ ಇದು ಪ್ರತ್ಯೇಕ ವಿಷಯವಲ್ಲ. ಕಿರಿಯ ತರಗತಿಗಳಲ್ಲಿ ಪರಿಸರ ಅಧ್ಯಯನದೊಳಗೆ ಅಡಕವಾಗಿರುವ ಇದು, ಮುಂದೆ ವಿಜ್ಞಾನ ಮತ್ತು ಭೂಗೋಳ ಪಾಠಗಳ ನಡುವೆ ಹಂಚಿಹೋಗುತ್ತದೆ. ಪದವಿಪೂರ್ವ ಹಂತದಲ್ಲಿ ಮಾತ್ರ ಭೂಗರ್ಭಶಾಸ್ತ್ರ ಐಚ್ಛಿಕ ವಿಷಯವಾಗಿದೆ. ಆದ್ದರಿಂದ ಚದುರಿದ ಪಾಠಗಳನ್ನು ಊರಿನ ನೆಲದೊಂದಿಗೆ ಜೋಡಿಸುವ ಹೊಣೆ ಶಿಕ್ಷಕರದು. ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಪರಿಸರದಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಹೇರಳವಾಗಿದೆ.

ಕಿರಿಯ ಪ್ರಾಥಮಿಕ ಹಂತ

ಈ ವಯಸ್ಸಿನ ಮಕ್ಕಳು ಮುಟ್ಟಿ ನೋಡಿ ಕಲಿಯುತ್ತಾರೆ. ಒಕ್ಕಲು ಮನೆತನದ ಮಕ್ಕಳಿಗೆ ಮಸಾರಿ ಮತ್ತು ಎರೆ ಎಂಬ ಹೆಸರುಗಳು ಶಾಲೆಗೆ ಬರುವ ಮೊದಲೇ ತಿಳಿದಿರುತ್ತವೆ. ಎರಡೂ ಮಣ್ಣಿನ ಮೇಲೆ ಸಮನಾಗಿ ನೀರು ಸುರಿದರೆ ಮಸಾರಿಯಲ್ಲಿ ಬೇಗ ಇಂಗುತ್ತದೆ, ಎರೆಯಲ್ಲಿ ತಡೆದು ನಿಲ್ಲುತ್ತದೆ. ಬೇಸಿಗೆಯಲ್ಲಿ ಎರೆಹೊಲ ಬಿರಿಯುವುದೇಕೆ ಎಂಬ ಪ್ರಶ್ನೆಯನ್ನು ಇಲ್ಲಿಂದಲೇ ಎತ್ತಬಹುದು.

ಹಿರಿಯ ಪ್ರಾಥಮಿಕ ಹಂತ

ಇಲ್ಲಿ ಶಿಲೆ ಮತ್ತು ಖನಿಜಗಳ ಪರಿಚಯವಾಗುತ್ತದೆ. ಗುರುಗುಂಟಾಕ್ಕೆ ಸಮೀಪದ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಒಂದು ಟನ್ ಅದಿರಿನಲ್ಲಿ ಸಿಗುವ ಚಿನ್ನ ಕೆಲವೇ ಗ್ರಾಂ ಎಂಬುದು ಅದಿರು, ಖನಿಜ, ಲೋಹಗಳ ವ್ಯತ್ಯಾಸವನ್ನು ಯಾವ ವ್ಯಾಖ್ಯೆಗಿಂತಲೂ ಚೆನ್ನಾಗಿ ತಿಳಿಸುತ್ತದೆ.

ಪ್ರೌಢಶಾಲಾ ಹಂತ

ಭೂವೈಜ್ಞಾನಿಕ ಕಾಲವು ಮಕ್ಕಳಿಗೆ ಅತ್ಯಂತ ಕಠಿಣವಾದ ಕಲ್ಪನೆ. ಆಟದ ಮೈದಾನದಲ್ಲಿ ಒಂದು ಮೀಟರನ್ನು 10 ಕೋಟಿ ವರ್ಷವೆಂದು ಎಣಿಸಿ ಹಗ್ಗ ಎಳೆದರೆ ಭೂಮಿಯ ವಯಸ್ಸಿಗೆ ಸುಮಾರು 46 ಮೀಟರ್ ಬೇಕು. 250 ಕೋಟಿ ವರ್ಷಗಳಿಗೂ ಹಳೆಯದಾದ ಹಟ್ಟಿ-ಮಸ್ಕಿ ಶಿಲಾಪಟ್ಟಿ 25 ಮೀಟರಿನ ಆಚೆ ನಿಲ್ಲುತ್ತದೆ. ಮಸ್ಕಿಯ ಅಶೋಕನ ಶಾಸನದಿಂದ ಇಂದಿನವರೆಗಿನ ಅವಧಿಯಾದರೋ ಈ ಹಗ್ಗದಲ್ಲಿ ತಲೆಗೂದಲಿನ ದಪ್ಪಕ್ಕೂ ಸಾಲದು. (ಆ ಶಾಸನವನ್ನು 1915ರಲ್ಲಿ ಪತ್ತೆ ಮಾಡಿದ ಸಿ. ಬೀಡನ್ ಚಿನ್ನದ ಗಣಿಯ ಎಂಜಿನಿಯರ್ ಆಗಿದ್ದರು.)

ಈ ಹಂತದ ಪಾಠ ಮನೆಯ ಕುಡಿಯುವ ನೀರಿಗೂ ಸಂಬಂಧಿಸಿದೆ. ರಾಯಚೂರು ಜಿಲ್ಲೆಯ ಹಲವೆಡೆ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಯೋಟೈಟ್, ಅಪಟೈಟ್, ಫ್ಲೋರೈಟ್ ಮೊದಲಾದ ಖನಿಜಗಳಲ್ಲಿ ಫ್ಲೋರಿನ್ ಇರುತ್ತದೆ. ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ಬಿರುಕುಗಳ ಜಾಲ ಒಂದೇ ತೆರನಾಗಿರದ ಕಾರಣ ಅಕ್ಕಪಕ್ಕದ ಎರಡು ಕೊಳವೆಬಾವಿಗಳ ನೀರಿನ ಗುಣವೂ ಬೇರೆಯಾಗಬಹುದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರತಿ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಅವಕಾಶವಿದೆ. ಇದಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ್ದರಿಂದ ಪರೀಕ್ಷೆಯಿಂದಲೇ ತಿಳಿಯಬೇಕು. ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಇಂತಹ ನೀರು ಕುಡಿದರೆ ಹಲ್ಲುಗಳಲ್ಲಿ ಶಾಶ್ವತ ಕಲೆ ಉಳಿಯುತ್ತದೆ. ದೀರ್ಘಕಾಲದ ಸೇವನೆ ಮೂಳೆಗಳನ್ನೂ ಬಾಧಿಸುತ್ತದೆ. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.